ವಯಸ್ಸು ಕೇಳದ ಕಂಪ್ಯೂಟರು

ಕುಲಪತಿಯಾಗಿ ಅಧಿಕಾರ ವಹಿಸಿಕೊಂಡ ದಿನ ಪತ್ರಿಕೆಯವರೊಬ್ಬರು ಕೇಳಿದರು: "ಮೇಡಂ, ನೀವು ಕಂಪ್ಯೂಟರ್ ವಿಜ್ಞಾನದವರು. ಇಷ್ಟು ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸೋದನ್ನ ಎಲ್ಲಿ ಕಲಿತಿರಿ?" "ಮಳವಳ್ಳಿ ಹೈಸ್ಕೂಲಿನ ಮೈದಾನದಲ್ಲಿ" ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ನಾನು ಹೇಳಿದ್ದು ನಿಜವಾಗಿತ್ತು.

ಅದು ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಅಪ್ಪ ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕಲಿಯಲು ಸೇರಿಕೊಂಡಿದ್ದೆ. ಕಲಿಯುವುದೇನೋ ಕಂಪ್ಯೂಟರು, ಆದರೆ ಅದನ್ನು ಮುಟ್ಟುವಂತಿರಲಿಲ್ಲ. ಅದು ತಣ್ಣಗಿನ ದೊಡ್ಡ ಕೋಣೆಯೊಂದರಲ್ಲಿ ಗುಂಯ್‌ಗುಡುತ್ತಿತ್ತು. ನಾವು ತೂತು ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರಬೇಕು, ಮಾರನೆಯ ದಿನ ಹೋಗಿ ಉತ್ತರ ತರಬೇಕು. ಮೊದಮೊದಲು ಬರುತ್ತಿದ್ದುದೆಲ್ಲ ತಪ್ಪುಗಳೇ. ಕೊನೆಗೊಂದು ದಿನ ನನ್ನ ಲೆಕ್ಕದ ಸರಿಯುತ್ತರ ಉದ್ದನೆಯ ಕಾಗದದ ಮೇಲೆ ಅಚ್ಚಾಗಿ ಬಂತು. ಆವತ್ತು ಬಸ್ಸು ಹತ್ತುವುದನ್ನೂ ಮರೆತು ಹಾಸ್ಟೆಲಿನವರೆಗೂ ಓಡಿದೆ. ಸೀರೆಯುಟ್ಟ ಹುಡುಗಿ ಕಾಗದ ಹಿಡಿದುಕೊಂಡು ನಗುತ್ತಾ ಓಡುವುದನ್ನು ಕಂಡ ಹೂವಿನವಳೊಬ್ಬಳು, "ಪಾಸಾದ್ಯಾ?" ಎಂದು ಕೂಗಿ ಕೇಳಿದ್ದು ಈಗಲೂ ನೆನಪಿದೆ.

ರಜೆಗೆ ಊರಿಗೆ ಬಂದರೆ ಈ ಸಂತೋಷವನ್ನು ಯಾರಿಗೂ ಹೇಳಿಕೊಳ್ಳಲು ಆಗುತ್ತಿರಲಿಲ್ಲ. ಅಮ್ಮ ನೆರೆಯವರಿಗೆಲ್ಲ, "ಟೈಪಿಂಗ್ ತರದ್ದೇ ಏನೋ ಒಂದು ಓದ್ತಿದ್ದಾಳೆ" ಎಂದುಬಿಟ್ಟಿದ್ದಳು. ಪಕ್ಕದ ಮನೆಯ ಪುರೋಹಿತರು, "ನಿನ್ನ ಯಂತ್ರ ಜಾತಕ ಬರೆಯುತ್ತದೆಯೋ?" ಎಂದು ಕೇಳಿದರು. ಉತ್ಸಾಹದಲ್ಲಿ, "ಒಂದೇ ನಿಮಿಷದಲ್ಲಿ ಬರೆಯುತ್ತೆ" ಎಂದೆ. ಆಮೇಲೆ ಒಂದಷ್ಟು ದಿನ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅಂಥ ಒಂದು ರಜೆಯಲ್ಲಿ ಹೈಸ್ಕೂಲಿನಲ್ಲಿ ಪೋಷಕರ ಸಭೆ ಇತ್ತು. ಮೇಷ್ಟ್ರ ಮಗಳು ಏನೋ ಹೊಸದನ್ನು ಓದುತ್ತಿದ್ದಾಳೆ, ನಾಲ್ಕು ಮಾತಾಡಲಿ ಎಂದು ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ನಾನು ಬೋರ್ಡಿನ ತುಂಬ ಸೊನ್ನೆ, ಒಂದು, ಚೌಕ, ಬಾಣ ಎಲ್ಲ ಬರೆದೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ನಿದ್ದೆ ಹೋದರು. ಹಿಂದಿನವರು ಕಬ್ಬಿನ ಲಾರಿಯ ವಿಷಯ ಮಾತಾಡತೊಡಗಿದರು. ಶಾಲೆಯ ಕಮಿಟಿ ಅಧ್ಯಕ್ಷರು ಕಿರುಗಾವಲಿನ ಕಡೆಯ ದೊಡ್ಡ ರೈತರು, ಬಂಡೂರು ಕುರಿಗಳನ್ನು ಪ್ರೀತಿಯಿಂದ ಸಾಕುತ್ತಿದ್ದವರು. ಅವರು ಎದ್ದು ನಿಂತರು.

"ಅಲ್ಲ ಕಣವ್ವ, ಬೋರ್ಡ್ ಮ್ಯಾಲೆ ಗೀಚುದ್ರೆ ನಮಗೇನ್ ಗೊತ್ತಾಯ್ತದೆ? ಆ ಮಿಸಿನ್ನೇ ತಂದು ತೋರ್ಸು."

"ಅದು ಒಂದು ಮನೆಯಷ್ಟು ದೊಡ್ಡದು. ತಣ್ಣಗಿರೋ ಕೋಣೇಲೇ ಇಡಬೇಕು."

"ನಮ್ಮ ಉಣಸೇಮರದ ಕೆಳಗೇ ತಣ್ಣಗದೆ. ಲಾರಿ ನಾನು ಕಳಿಸ್ತೀನಿ."

ಎಲ್ಲರೂ ನಕ್ಕರು. ನನಗೂ ನಗು ಬಂತು. ನಗುವಿನ ಜೊತೆಗೇ ಯೋಚನೆಯೊಂದು ಹೊಳೆದು, ತಡೆಯುವ ಮೊದಲೇ ಬಾಯಿಂದ ಹೊರಬಿತ್ತು: "ಲಾರಿ ಬೇಡ. ಈಗಲೇ ತೋರಿಸ್ತೀನಿ. ನೀವೆಲ್ಲ ಮೈದಾನಕ್ಕೆ ಬನ್ನಿ, ನೀವೇ ಕಂಪ್ಯೂಟರು."

ಅಪ್ಪ ಗಾಬರಿಯಿಂದ ನನ್ನ ಮುಖ ನೋಡಿದರು. ಆದರೆ ಜನ ಅಷ್ಟರಲ್ಲಿ ಎದ್ದಾಗಿತ್ತು.

ಹುಣಸೆಮರದಿಂದ ಶುರುಮಾಡಿ ದೊಡ್ಡವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ರೈತರು, ಹೆಂಗಸರು, ಮೇಷ್ಟ್ರುಗಳು, ಹೆಡ್‌ಮಾಸ್ಟರು, ಅಧ್ಯಕ್ಷರು, ನಿದ್ದೆಯಿಂದೆದ್ದ ಅಜ್ಜಿ, ಎಲ್ಲ ಸಿಕ್ಕ ಜಾಗದಲ್ಲಿ ನಿಂತರು. "ಈಗ ನೀವು ವಯಸ್ಸಿನ ಪ್ರಕಾರ ಸಾಲಾಗಬೇಕು. ಎಲ್ಲರಿಗಿಂತ ಹಿರಿಯರು ಮರದ ಹತ್ತಿರ" ಎಂದೆ. ಹೆಂಗಸರಲ್ಲಿ ಅರ್ಧ ಜನ ಸಾಲು ಬಿಟ್ಟು ಹಿಂದೆ ಸರಿದರು.

"ವಯಸ್ಸು ನಾನು ಕೇಳೋದಿಲ್ಲ. ನೀವೂ ಯಾರಿಗೂ ಕೂಗಿ ಹೇಳಬೇಡಿ. ಪಕ್ಕದವರ ಕಿವಿಯಲ್ಲಿ ಮಾತ್ರ ಪಿಸುಗುಟ್ಟಿ. ಇಬ್ಬರಲ್ಲಿ ಮರದ ಕಡೆ ನಿಂತವರು ಚಿಕ್ಕವರಾದರೆ ಜಾಗ ಅದಲುಬದಲು ಮಾಡಿಕೊಳ್ಳಿ. ದೊಡ್ಡವರಾದರೆ ಹಾಗೇ ನಿಲ್ಲಿ. ಅಷ್ಟೇ ಕೆಲಸ." ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ಹೆಂಗಸರು ಮರಳಿ ಬಂದರು.

ಡ್ರಿಲ್ ಮೇಷ್ಟ್ರು ಸೀಟಿ ಊದುತ್ತಾ ಮರದ ಕಡೆಯಿಂದ ಹೊರಟರು. ಒಂದೊಂದು ಸೀಟಿಗೆ ಒಂದೊಂದು ಜೋಡಿ. ಸಾಲಿನ ಕೊನೆ ಮುಟ್ಟಿದರೆ ಮತ್ತೆ ಮರದಿಂದ ಹೊಸ ಸುತ್ತು. ಹುಟ್ಟಿದ ತಾರೀಖು ಅಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಹಾಗಂತ ಯಾರೂ ತಡವರಿಸಲೂ ಇಲ್ಲ. "ಪ್ಲೇಗಮ್ಮ ಬಂದಾಗ ನೀನು ಉಟ್ಟಿದ್ಯಾ?" "ನಾಲೆಗೆ ನೀರ್ ಬುಟ್ಟಾಗ ನಾನು ಕುರಿ ಕಾಯ್ತಿದ್ದೆ, ನೀನು?" ಹೀಗೆ ಇಬ್ಬರು ತಲೆ ಸೇರಿಸಿದರೆ ಸಾಕು, ತೀರ್ಮಾನ ಆಗಿಬಿಡುತ್ತಿತ್ತು. ವರ್ಷ ಗೊತ್ತಿಲ್ಲದಿದ್ದರೂ ಹಿರಿಯರು ಯಾರು ಎಂದು ಗೊತ್ತಾಗುತ್ತದೆ. ಯಂತ್ರಕ್ಕೂ ಬೇಕಾದದ್ದು ಅಷ್ಟೇ. ಬೋರ್ಡಿನ ಮೇಲೆ ನಾನು ಒದ್ದಾಡಿದ ಪಾಠ ನನ್ನ ಕಣ್ಣೆದುರಿಗೇ ಪಂಚೆ ಎತ್ತಿ ಕಟ್ಟಿಕೊಂಡು, ಸೆರಗು ಸಿಕ್ಕಿಸಿಕೊಂಡು ಓಡಾಡುತ್ತಿತ್ತು. ನನಗೆ ತಲೆ ತಿರುಗುವಷ್ಟು ಖುಷಿ.

ಅಜ್ಜಿ ಸುತ್ತುಸುತ್ತಿಗೂ ಒಂದೊಂದೇ ಜಾಗ ಮರದ ಕಡೆಗೆ ಸರಿಯುತ್ತಾ ಹೋದರು. ಕೂದಲಿಗೆ ಕಪ್ಪು ಹಚ್ಚುತ್ತಿದ್ದ ಹೆಡ್‌ಮಾಸ್ಟರು ಎಲ್ಲರೂ ಎಣಿಸಿದ್ದಕ್ಕಿಂತ ಹಿರಿಯರ ಕಡೆಗೇ ಬಂದುಬಿಟ್ಟರು. ಅಧ್ಯಕ್ಷರೂ ಅಪ್ಪನೂ ಎದುರುಬದುರಾದರು. ಇಬ್ಬರೂ ಪಿಸುಗುಟ್ಟಿದರು. ಅಪ್ಪ ಮರದ ಕಡೆಗೆ ಸರಿದರು.

"ಅಲ್ಲ ಮೇಷ್ಟ್ರೇ, ನೀವು ನನಗಿಂತ ದೊಡ್ಡೋರಾ? ಇಷ್ಟು ವರ್ಸ ನನ್ನ ಕಂಡ್ರೆ ಎದ್ದು ನಿಲ್ತಿದ್ರಲ್ಲ" ಎಂದರು ಅಧ್ಯಕ್ಷರು.

"ಅಭ್ಯಾಸ ಆಗಿಹೋಗಿದೆ" ಎಂದರು ಅಪ್ಪ, ಸಂಕೋಚದಿಂದ.

"ನಾಳಿಂದ ನಾನು ಎದ್ದು ನಿಲ್ತೀನಿ ಬುಡಿ."

ಸುತ್ತುಗಳು ಮುಗಿಯುತ್ತಾ ಬಂದಂತೆ ಅದಲುಬದಲು ಕಡಿಮೆಯಾಯಿತು. ಸಾಲು ನೆಲೆ ನಿಂತಿತು, ಒಂದು ಜಾಗ ಬಿಟ್ಟು. ಬಂಡೂರಿನ ಒಂದೇ ಮನೆಗೆ ಸೊಸೆಯರಾಗಿ ಬಂದ ಓರಗಿತ್ತಿಯರಿಬ್ಬರು ಅಕ್ಕಪಕ್ಕ ನಿಂತಿದ್ದರು. ಸೀಟಿ ಅವರ ಹತ್ತಿರ ಬಂದಾಗಲೆಲ್ಲ ಮರದ ಕಡೆಯಿದ್ದವಳು, "ನಾನೇ ಚಿಕ್ಕೋಳು" ಎಂದು ಆಚೆ ದಾಟುತ್ತಿದ್ದಳು. ಮುಂದಿನ ಸುತ್ತಿಗೆ ಇನ್ನೊಬ್ಬಳು, "ಇಲ್ಲ, ನಾನೇ ಚಿಕ್ಕೋಳು" ಎಂದು ದಾಟುತ್ತಿದ್ದಳು. ಉಳಿದವರೆಲ್ಲ ಕಂಬದ ಹಾಗೆ ನಿಂತಿದ್ದಾರೆ, ಇವರಿಬ್ಬರು ಮಾತ್ರ ಆಚೆ ಈಚೆ, ಆಚೆ ಈಚೆ. ಜನ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಡ್ರಿಲ್ ಮೇಷ್ಟ್ರ ಗಂಟಲು ಒಣಗಿತು.

"ಏನವ್ವ, ಮಿಸಿನ್ನು ಕೆಟ್ಟೋಯ್ತಾ?" ಎಂದರು ಅಧ್ಯಕ್ಷರು.

ನಾನು ನಗು ತಡೆಯಲಾರದೆ ನೆಲದ ಮೇಲೇ ಕುಳಿತುಬಿಟ್ಟೆ. ಬೆಂಗಳೂರಿನ ಕಿಟಕಿಯಾತ, "ನಿನ್ನ ಪ್ರೋಗ್ರಾಂ ಸುತ್ತುತ್ತಲೇ ಇರುತ್ತೆ ಕಣಮ್ಮ, ನಿಲ್ಲೋದೇ ಇಲ್ಲ" ಎಂದು ನನ್ನ ಕಾರ್ಡುಗಳನ್ನು ಎಷ್ಟು ಸಲ ಹಿಂದಕ್ಕೆ ಕೊಟ್ಟಿದ್ದನೋ. ಅದೇ ಕಾಯಿಲೆ ಇಲ್ಲಿ ಬಳೆ ತೊಟ್ಟುಕೊಂಡು, ಹೂ ಮುಡಿದುಕೊಂಡು ನಿಂತಿತ್ತು. ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ವಿಚಾರಿಸಬಹುದಿತ್ತು. ಆದರೆ ವಯಸ್ಸು ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಎದ್ದು ಅವರ ಹತ್ತಿರ ಹೋದೆ.

"ಇನ್ನೊಂದು ನಿಯಮ ಸೇರಿಸ್ತೀನಿ. ಇಬ್ಬರದೂ ಒಂದೇ ವಯಸ್ಸು ಅಂತ ಒಪ್ಪಿದರೆ ಯಾರೂ ಅಲ್ಲಾಡಬೇಕಾಗಿಲ್ಲ."

"ನಾನ್ ಒಪ್ಪುದ್ರೆ ಅವಳೂ ಒಪ್ಬೇಕಲ್ಲ" ಎಂದಳು ಒಬ್ಬಳು.

"ನಾನ್ಯಾಕ್ ಒಪ್ಪಲಿ? ನಾನು ಬಂದಾಗ ಇವಳಿಗೆ ಆಗ್ಲೇ ಮಗ ನಡೀತಿದ್ದ."

"ನನಗೆ ಬ್ಯಾಗ ಮದುವೆ ಮಾಡುದ್ರು ಕಣೆ. ನಿನ್ನ ತಡವಾಗಿ ಮಾಡುದ್ರು."

ಆ ಮಾತಿಗೆ ಎರಡನೆಯವಳ ಮುಖದಲ್ಲೇ ಮೊದಲು ನಗು ಕಾಣಿಸಿತು. "ಓಗ್ಲಿ ಬುಡು ಅಕ್ಕಯ್ಯ, ಒಂದೇ ಅಂದ್ಕೊಳವ" ಎಂದಳು.

"ಒಂದೇ ಅಂದ್ಬುಟ್ಟು ಅಕ್ಕಯ್ಯ ಅಂತೀಯಲ್ಲೇ" ಎಂದಳು ಮೊದಲನೆಯವಳು, ಅವಳ ಕೈ ಹಿಡಿದುಕೊಂಡು.

ಸೀಟಿ ಮತ್ತೊಮ್ಮೆ ಈ ತುದಿಯಿಂದ ಆ ತುದಿಗೆ ಹೋಯಿತು. ಯಾರೂ ಅಲ್ಲಾಡಲಿಲ್ಲ. ಮೈದಾನವೆಲ್ಲ ಚಪ್ಪಾಳೆ.

ಎಷ್ಟೋ ವರ್ಷಗಳ ನಂತರ, ಹಿರಿತನದ ಜಗಳಕ್ಕೆ ಬಿದ್ದ ಇಬ್ಬರು ಪ್ರಾಧ್ಯಾಪಕರು ನನ್ನ ಕೋಣೆಗೆ ಬಂದರು. ಅವರಿಬ್ಬರಿಗೂ ತಾವೇ ಹಿರಿಯರು ಎನ್ನಿಸಿಕೊಳ್ಳಬೇಕಾಗಿತ್ತು, ಅಷ್ಟೇ ವ್ಯತ್ಯಾಸ. ಅವರು ಎದುರು ಬದುರು ವಾದಿಸುತ್ತಿದ್ದಾಗ ನನಗೆ ಎಲ್ಲಿಲ್ಲದ ನಗು ಬಂದು, ಕೆಮ್ಮಿದ ಹಾಗೆ ಮಾಡಿ ನೀರು ಕುಡಿದೆ. ವಿಭಾಗವನ್ನು ಇಬ್ಬರೂ ಸರದಿಯ ಮೇಲೆ ನೋಡಿಕೊಳ್ಳಿ ಎಂದೆ. ಒಪ್ಪಿದರು.

ಮೈದಾನದ ಆ ಆಟದ ಮಾರನೆಯ ಬೆಳಿಗ್ಗೆ ನಾನು ಬೆಂಗಳೂರಿಗೆ ಹಿಂದಿರುಗಬೇಕಾಗಿತ್ತು. ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು, ಅಲ್ಲಿಂದ ರೈಲು. ಅಪ್ಪ ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಮೂವತ್ತು ವರ್ಷದ ಹತ್ತಿರ ಹತ್ತಿರ ಪಾಠ ಮಾಡಿದ್ದೀನಿ. ಒಂದು ದಿನವೂ ಅಷ್ಟು ಜನ ನನ್ನ ಕ್ಲಾಸಿನಲ್ಲಿ ನಕ್ಕಿರಲಿಲ್ಲ" ಎಂದರು. ಆಮೇಲೆ, "ನೀನು ಮೇಷ್ಟ್ರಾಗು ಮಗು" ಎಂದರು.

ಅಲ್ಲಿಯವರೆಗೆ ನನ್ನ ಆಸೆ ಬೇರೆ ಇತ್ತು. ಆ ತಣ್ಣನೆಯ ಕೋಣೆಯೊಳಗೇ ಒಂದು ಕೆಲಸ ಹಿಡಿದು, ಜನರ ಗೊಡವೆ ಇಲ್ಲದೆ ಯಂತ್ರದ ಜೊತೆಗೆ ಇದ್ದುಬಿಡಬೇಕು ಅಂತ. ಬಸ್ಸು ಕಬ್ಬಿನ ಗದ್ದೆಗಳ ನಡುವೆ ಕುಲುಕಾಡುತ್ತಾ ಹೋಗುವಾಗ ಆ ಕೋಣೆ ನೆನಪಾಗಿ, ಪಾಪ, ಅಲ್ಲಿ ನಗುವವರೇ ಇಲ್ಲವಲ್ಲ ಅನ್ನಿಸಿತು. ನನ್ನಷ್ಟಕ್ಕೆ ನಗುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು, "ಯಾಕವ್ವ, ಮದ್ವೆ ಗೊತ್ತಾಯ್ತಾ?" ಎಂದಳು. "ಇಲ್ಲ, ಕೆಲಸ ಗೊತ್ತಾಯ್ತು" ಎಂದೆ.

ಓದು ಮುಗಿಸಿ ಮಂಡ್ಯದ ಕಾಲೇಜೊಂದಕ್ಕೆ ಗಣಿತದ ಅಧ್ಯಾಪಕಿಯಾಗಿ ಸೇರಿದೆ. ಅಲ್ಲಿ ಕಂಪ್ಯೂಟರು ಇರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ಮೊದಲ ದಿನವೇ ಹುಡುಗ ಹುಡುಗಿಯರನ್ನೆಲ್ಲ ಕ್ಲಾಸಿನಿಂದ ಹೊರಗೆ ಕರೆತಂದು ವರಾಂಡದಲ್ಲಿ ನಿಲ್ಲಿಸಿದೆ. ಗಲಾಟೆ ಕೇಳಿ ಪ್ರಿನ್ಸಿಪಾಲರು ಕೋಣೆಯಿಂದ ಹೊರಗೆ ಬಂದರು.

"ಏನಮ್ಮ ಇದು, ಪಾಠ ಮಾಡೋದು ಬಿಟ್ಟು?"

"ಪಾಠವೇ ಸಾರ್. ಒಬ್ಬರು ಕಡಿಮೆ ಇದ್ದಾರೆ. ನೀವೂ ಬನ್ನಿ."

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕೋಟಿನ ಗುಂಡಿ ಬಿಚ್ಚಿಕೊಂಡು ಬಂದು ಸಾಲಿನ ಕೊನೆಯಲ್ಲಿ ನಿಂತರು.