ಸೊಂಟನೋವಿನ ‘ನಂಬರ್ ಅಕ್ಕ’

ಬೆಳಕು ಹರಿಯುವ ಹೊತ್ತಿಗೇ ಆಸ್ಪತ್ರೆಯ ಸೊಂಟನೋವಿನ ವಿಭಾಗದಲ್ಲಿ ಕುರ್ಚಿ ಎಳೆಯುವ ಸದ್ದು. ಕೈಯಿರುವ ಗಟ್ಟಿ ಕುರ್ಚಿಗಳನ್ನೆಲ್ಲ ಬಾಗಿಲ ಬಳಿಗೆ ತರುತ್ತಿದ್ದಾರೆ ನಲವತ್ತು ದಾಟಿದ ನರ್ಸ್. ಸೊಂಟ ಹಿಡಿದುಕೊಂಡವರಿಗೆ ಕೂರುವುದಕ್ಕಿಂತ ಏಳುವುದೇ ಕಷ್ಟ, ಊರಿಕೊಳ್ಳಲು ಏನಾದರೂ ಬೇಕು. ಮೆಟ್ಟಿಲು ಹತ್ತಿ ಬಂದವರನ್ನು ಅವರು ತಕ್ಷಣ ಮಾತಾಡಿಸುವುದಿಲ್ಲ. ಏದುಸಿರು ಇಳಿಯಲಿ ಎಂದು ಕಾಯುತ್ತಾರೆ. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ನೋವೇ ಇಲ್ಲ ಅಂದರೆ ಸೊನ್ನೆ, ಇದಕ್ಕಿಂತ ಹೆಚ್ಚು ಇರಲಾರದು ಅಂದರೆ ಹತ್ತು, ಈಗ ನಿಮ್ಮದು ಎಷ್ಟು?

ರೋಗಿಗಳ ಬಾಯಲ್ಲಿ ಇವರು ‘ನಂಬರ್ ಅಕ್ಕ’. ಮನೆಯಲ್ಲೂ ಬಿಡುಗಡೆಯಿಲ್ಲ. ಊಟಕ್ಕೆ ಕೂತ ಅಪ್ಪನನ್ನು ಮಗಳು, “ಅಮ್ಮನ ಅಡುಗೆ ಇವತ್ತು ಎಷ್ಟು ನಂಬರು?” ಎಂದು ಕಾಡುತ್ತಾಳಂತೆ.

ಜ್ವರಕ್ಕೆ ಥರ್ಮಾಮೀಟರ್ ಇದೆ, ನೋವಿಗೆ ರೋಗಿಯ ಬಾಯೇ ಗತಿ. ರಜೆ ಬೇಕಾದವರು ಏರಿಸಿ ಹೇಳುತ್ತಾರೆ, ಕೆಲಸ ಹೋದೀತೆಂದು ಹೆದರಿದವರು ಇಳಿಸಿ ಹೇಳುತ್ತಾರೆ. ಕೇಳುವವರ ಮುಖ ನೋಡಿ ಉತ್ತರ ಬದಲಿಸುವವರೂ ಉಂಟು. ಅದಕ್ಕೇ ಅಕ್ಕ ಪ್ರಶ್ನೆಯ ಒಂದು ಪದವನ್ನೂ ಆಚೀಚೆ ಮಾಡುವುದಿಲ್ಲ, ‘ಅಯ್ಯೋ ಪಾಪ’ ಅನ್ನುವುದಿಲ್ಲ, ಹುಬ್ಬು ಏರಿಸುವುದಿಲ್ಲ. ಎರಡು ಉತ್ತರಗಳೂ ಹೊಂದುತ್ತವೆಯೇ ಎಂದು ನೋಡಲು, ಡಾಕ್ಟರರ ಬಳಿ ಕಳಿಸುವ ಮುನ್ನ ಇನ್ನೊಮ್ಮೆ ಕೇಳುತ್ತಾರೆ. ದಿನಕ್ಕೆ ನಲವತ್ತು ಐವತ್ತು ಮಂದಿ.

ಅವರು ಮೊದಲು ಇದ್ದದ್ದು ಹೆರಿಗೆ ವಾರ್ಡಿನಲ್ಲಿ. ರೋಗಿಗಳನ್ನು ಎತ್ತಿ ಇಳಿಸಿ ಅವರದೇ ಸೊಂಟ ಕೈಕೊಟ್ಟಿತು. “ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದೆ. ಬಂದವರೆಲ್ಲ ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲ’ ಅಂತಿದ್ರು. ಆ ಮಾತು ಸೊಂಟಕ್ಕಿಂತ ಹೆಚ್ಚು ನೋಯಿಸ್ತಿತ್ತು.”

ಕಳೆದ ವರ್ಷ ಮೂಟೆ ಹೊರುವ ಹಮಾಲನೊಬ್ಬನನ್ನು ಅವನ ಮಾವ ಕರೆತಂದರು. ಅಳಿಯ ಮೈಗಳ್ಳನೆಂದು ಮಾವನ ದೂರು. ನೋವೆಷ್ಟು ಎಂದರೆ ಅಳಿಯ ಎರಡು ಎಂದ. ಮತ್ತೆ ಕೇಳಿದಾಗಲೂ ಎರಡೇ. ಉತ್ತರಗಳು ಹೊಂದಿದವು, ಆದರೆ ಆಸಾಮಿ ಬಂದಾಗಿನಿಂದ ಕೂತೇ ಇರಲಿಲ್ಲ. ಅಕ್ಕ ಮಾವನನ್ನು ಚೀಟಿ ಮಾಡಿಸಲು ಕೆಳಗೆ ಕಳಿಸಿ, ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮೂರನೆಯ ಸಲ ಕೇಳಿದರು.

“ಒಂಬತ್ತು, ಅಕ್ಕ,” ಎಂದ ಅವನು ನೆಲ ನೋಡುತ್ತ. ಮೆಲ್ಲಗೆ ಉಳಿದದ್ದೂ ಹೊರಬಿತ್ತು: ನಿನ್ನೆಯಿಂದ ತೊಡೆಯ ಸಂದು ಮರಗಟ್ಟಿದೆ, ಮೂತ್ರ ಸರಿಯಾಗಿ ಹೋಗುತ್ತಿಲ್ಲ.

ಅಕ್ಕ ಸಾಲನ್ನು ದಾಟಿ ನೇರ ಡಾಕ್ಟರರ ಬಳಿ ನಡೆದರು. ಬೆನ್ನಿನಲ್ಲಿ ನರಗಳು ಅದುಮಿಹೋಗಿದ್ದವು. ಅಂದೇ ಶಸ್ತ್ರಚಿಕಿತ್ಸೆಯಾಯಿತು. ತಡವಾಗಿದ್ದರೆ ಕಾಲಿನ ಬಲ ಹೋಗುವ ಸಂಭವವಿತ್ತು ಎನ್ನುತ್ತಾರೆ ಡಾಕ್ಟರ್. ಈಗ ಅವನು ಗೋದಾಮಿನಲ್ಲಿ ಸರಕು ನೋಡಿಕೊಳ್ಳುತ್ತಾನೆ, ಮೂಟೆಗೆ ಹೆಗಲು ಕೊಡುವುದಿಲ್ಲ. ಮೊನ್ನೆ ತಪಾಸಣೆಗೆ ಬಂದಾಗ ಮಾವನೆದುರೇ ಗಟ್ಟಿಯಾಗಿ ಮೂರು ಎಂದನಂತೆ. ಮಾವ ಸಂಕೋಚದಿಂದ ತಮ್ಮ ಮೊಣಕಾಲಿನ ನಂಬರನ್ನೂ ಕೇಳುತ್ತೀರಾ ಎಂದರಂತೆ.

ಇಷ್ಟೆಲ್ಲ ನಡೆಯುವುದು ಹಸಿರು ಪರದೆಯೊಂದರ ಹಿಂದೆ. ಏನು ಬೇಕು ಎಂದು ಕೇಳಿದರೆ ಅಕ್ಕ ಯೋಚಿಸುವುದೇ ಇಲ್ಲ.

“ಬಾಗಿಲಿರೋ ಒಂದು ಕೋಣೆ ಕೊಟ್ರೆ ಸಾಕು. ಪರದೆ ಆಚೆ ಮಾವನೋ ಮೇಸ್ತ್ರಿನೋ ಕೂತಿರ್ತಾರೆ, ಈಚೆ ಇರೋರು ಹಲ್ಲು ಕಚ್ಕೊಂಡು ಎರಡು ಅಂತಾರೆ. ಬಾಗಿಲು ಹಾಕಿದ್ರೆ ಮೊದಲ ಸಲಕ್ಕೇ ನಿಜ ಹೇಳ್ತಾರೆ.”