ಕಾರಿನ ರೇಡಿಯೊಗೆ ವಯರು ಹಾಕಿಸಲು ಸುಳ್ಯದವರೆಗೆ

ಆ ಮಂಗಳವಾರ ಬೆಳಿಗ್ಗೆಯೂ ಎಂದಿನ ಹಾಗೆ ಮರಗೆಣಸು ಬೇಯಿಸಿ, ಒಣಮೀನಿನ ಚಟ್ನಿ ಅರೆದಿಟ್ಟೆ. ಯಜಮಾನರು ರಬ್ಬರ್ ಹಾಲಿನ ಬಕೆಟ್ ತಂದು ಶೆಡ್ಡಿನಲ್ಲಿ ಟ್ರೇಗಳಿಗೆ ಹೊಯ್ಯುತ್ತಿದ್ದರು. ಅಮ್ಮಚ್ಚಿಗೆ, ಅಂದರೆ ನನ್ನ ಅತ್ತೆಗೆ, ತಲೆ ಬಾಚಿ, ಚಟ್ಟೆ ಎಂಬ ಬಿಳಿ ರವಿಕೆ ತೊಡಿಸಿ, ಬಿಳಿ ಮುಂಡು ಉಡಿಸಿದೆ. ಹಿಂದುಗಡೆಯ ನೆರಿಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಅವರು ಅಂಗಳಕ್ಕೆ ಇಳಿಯುವುದಿಲ್ಲ. ಎಷ್ಟೋ ಸಂಗತಿ ಮರೆತಿದ್ದಾರೆ, ನೆರಿಗೆ ಮಾತ್ರ ಮರೆತಿಲ್ಲ.

ಅಮ್ಮಚ್ಚಿಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿಲ್ಲ, ಅವರನ್ನೂ ಕೂರಿಸಿಕೊಂಡು ಪೆರಾಬೆಯ ನಮ್ಮ ಮನೆಯಿಂದ ಪುತ್ತೂರಿಗೆ ಹೊರಟದ್ದು ಎಂಟು ಗಂಟೆಯ ಮೇಲೆ. ಕೆಲಸ ಒಂದೇ. ನಮ್ಮ ಹಳೆಯ ಕಾರಿನಲ್ಲಿ ಕಂಪೆನಿಯವರೇ ಕೂರಿಸಿಕೊಟ್ಟ ರೇಡಿಯೊ ಉಂಟು. ಅದರ ಸೀಡಿ ಕೆಟ್ಟು ವರ್ಷಗಳಾದವು. ಮೊಬೈಲಿನ ವಯರು ಚುಚ್ಚಲು ಅದರಲ್ಲಿ ತೂತೇ ಇಲ್ಲ. ಆ ತೂತನ್ನು ಮಾಡಿಸಬೇಕಿತ್ತು, ಅದೂ ಅವತ್ತೇ. ಮರುದಿನ ಬೆಳಿಗ್ಗೆ ಅಮ್ಮಚ್ಚಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಲಿಕ್ಕಿತ್ತು.

ಇಷ್ಟು ಅವಸರ ಯಾಕೆಂದು ಹೇಳುತ್ತೇನೆ. ಮರೆವು ಹೆಚ್ಚಾದ ಮೇಲೆ ಅಮ್ಮಚ್ಚಿಗೆ ಕಾರಿನಲ್ಲಿ ಕೂತರೆ ಹೆದರಿಕೆ. ಯಾರೋ ತನ್ನನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತಿದ್ದಾರೆ ಎಂಬ ಭಾವ. ಹಿಂದೆ ಕೂರಿಸಿದರೆ ವಾಂತಿ. ಮುಂದಿನ ಬಾಗಿಲಿಗೆ ಮಕ್ಕಳ ಲಾಕ್ ಇಲ್ಲ. ಹಿಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಂದು ತಿರುವಿನಲ್ಲಿ ಅವರು ಬಾಗಿಲು ತೆರೆದೇಬಿಟ್ಟರು. ನಾನು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಅವರ ಚಟ್ಟೆಯ ತೋಳು ಹಿಡಿದು ಬ್ರೇಕ್ ಒತ್ತಿದೆ. ಬೆಲ್ಟ್ ಇತ್ತು, ಉಳಿದರು.

ಅವರನ್ನು ಹಿಡಿದು ಕೂರಿಸುವುದು ಒಂದೇ, ಕೊಂತ. ನಮ್ಮಲ್ಲಿ ಜಪಸರದ ಪ್ರಾರ್ಥನೆಗೆ ಹಾಗೆ ಹೇಳುತ್ತಾರೆ. ಒಬ್ಬರು ಅರ್ಧ ಮುಂದೆ ಹೇಳಬೇಕು, ಉಳಿದರ್ಧ ಕೂತವರು ಮುಗಿಸಬೇಕು. ನಾನು ಮುಂದೆ ಹೇಳಿದರೆ ಅಮ್ಮಚ್ಚಿ ಒಂದಕ್ಷರ ತಪ್ಪದೆ ಮುಗಿಸುತ್ತಾರೆ, ಕೈ ತಾನಾಗಿ ಮಡಿಲಿಗೆ ಬರುತ್ತದೆ. ಅವರ ಮಗ, ಅಂದರೆ ನಮ್ಮ ಯಜಮಾನರು, ಹೇಳಿದರೆ ಒಪ್ಪುವುದಿಲ್ಲ. "ನಿನಗೆ ಅವಸರ" ಎಂದು ಬಾಯಿ ಮುಚ್ಚಿಬಿಡುತ್ತಾರೆ. ಕಾರು ಓಡಿಸುವುದೂ ಮನೆಯಲ್ಲಿ ನಾನೊಬ್ಬಳೇ, ಯಜಮಾನರದ್ದು ಬೈಕ್ ಮಾತ್ರ. ಮಂಗಳೂರಿನವರೆಗೆ ಲಾರಿಗಳ ನಡುವೆ ಗೇರು ಹಾಕುತ್ತಾ ಕೊಂತ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ಮೊಬೈಲಿನಲ್ಲಿ ನನ್ನ ಸ್ವರ ಹಿಡಿದಿಟ್ಟೆ. ಕಾರಿನಲ್ಲಿ ಮೊಬೈಲನ್ನೇ ಪಕ್ಕದಲ್ಲಿಟ್ಟರೆ ಅವರು ಅದನ್ನು ಎತ್ತಿ, ತಿರುಗಿಸಿ ಮುರುಗಿಸಿ, ಒಳಗೆ ಯಾರೆಂದು ಹುಡುಕುತ್ತಾರೆ. ಕಾರಿನಲ್ಲಿ ಸ್ವರ ಬರುವ ಜಾಗ ಎಂದರೆ ಅವರಿಗೆ ಬಾಗಿಲಿನ ಸ್ಪೀಕರೇ. ಅಲ್ಲಿಂದ ಬಂದದ್ದನ್ನು ನಂಬುತ್ತಾರೆ.

ಆಲಂಕಾರು ದಾಟಿ ಶಾಂತಿಮೊಗರಿನ ಸೇತುವೆಗೆ ಬರುವಾಗ ಹೊಳೆಯ ಮೇಲೆ ಇನ್ನೂ ಮಂಜಿತ್ತು. ಮಳೆಗಾಲ ಮುಗಿದು ನೀರು ತಿಳಿಯಾಗಿತ್ತು. ಅಮ್ಮಚ್ಚಿಗೆ ತೋರಿಸಿದೆ. "ಇದು ನಮ್ಮ ಹೊಳೆಯಲ್ಲ" ಎಂದರು. ಅವರ ಹೊಳೆ ಕೇರಳದಲ್ಲಿ, ಮದುವೆಗೆ ಮುಂಚೆ ಕಂಡದ್ದು. ಸವಣೂರಿನವರೆಗೆ ಕೊಂತ ಹೇಳುತ್ತಾ ಹೋದೆ. ಪುತ್ತೂರು ಮುಟ್ಟುವಾಗ ಗಂಟಲು ಒಣಗಿತ್ತು.

ಪುತ್ತೂರಿನ ಅಂಗಡಿಯಲ್ಲಿ ಗೋಡೆಯ ತುಂಬ ದೊಡ್ಡ ದೊಡ್ಡ ಸ್ಕ್ರೀನುಗಳು ಮಿನುಗುತ್ತಿದ್ದವು. ಅಂಗಡಿಯವರು ನಮ್ಮ ರೇಡಿಯೊವನ್ನು ಕಿಟಿಕಿಯಿಂದಲೇ ನೋಡಿ ನಕ್ಕರು.

"ಮೇಡಂ, ಇದಕ್ಕೆಲ್ಲ ಈಗ ಯಾರೂ ಕೈ ಹಾಕುದಿಲ್ಲ. ಇದನ್ನು ಕಿತ್ತು ಹೊಸ ಸ್ಕ್ರೀನ್ ಕೂರಿಸುವ. ಇದರ ಮುಖ ಡ್ಯಾಶ್‌ಬೋರ್ಡಿಗೆ ಸೇರಿಯೇ ಉಂಟು, ಸ್ವಲ್ಪ ಕೊಯ್ಯಬೇಕು. ಎರಡು ದಿನ ಗಾಡಿ ಬಿಡಿ."

"ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗ್ಲಿಕ್ಕುಂಟು" ಎಂದೆ.

ಅವರು ಅಮ್ಮಚ್ಚಿಯನ್ನು ನೋಡಿದರು. ಅಮ್ಮಚ್ಚಿ ಸ್ಕ್ರೀನುಗಳಿಗೆ ಕೈಮುಗಿದು ನಿಂತಿದ್ದರು, ಅಷ್ಟು ಬೆಳಕು ಅವರು ಚರ್ಚಿನ ಪೂಜೆಯ ಪೀಠದಲ್ಲಿ ಮಾತ್ರ ಕಂಡದ್ದು. ಅಂಗಡಿಯವರ ದನಿ ತಗ್ಗಿತು. "ಹಾಗಾದ್ರೆ ಸುಳ್ಯಕ್ಕೆ ಹೋಗಿ. ಕುಶಾಲಪ್ಪಣ್ಣ ಅಂತ ಇದ್ದಾರೆ, ರೇಡಿಯೊ ರಿಪೇರಿಯವರು. ಬಾಯಿ ಸ್ವಲ್ಪ ದೊಡ್ಡದು, ಆದ್ರೆ ಕೆಲಸ ಬಿಟ್ಟು ಓಡುವವರಲ್ಲ."

ಸುಳ್ಯಕ್ಕೆ ಇನ್ನೂ ಮೂವತ್ತೈದು ಕಿಲೋಮೀಟರಿನಷ್ಟು. ರಸ್ತೆ ಚೆನ್ನಾಗಿದೆ, ಆದರೆ ಮೈಸೂರು ಕಡೆಯ ಬಸ್ಸುಗಳು ತಿರುವಿನಲ್ಲೂ ವೇಗ ಇಳಿಸುವುದಿಲ್ಲ. ಕಾವು ದಾಟಿದ ಮೇಲೆ ನನ್ನ ಸ್ವರ ಕೈಕೊಟ್ಟಿತು. ಒಂದು ಗುಟುಕು ನೀರು ಕುಡಿಯಲು ಕೊಂತ ನಿಲ್ಲಿಸಿದೆ, ಅಷ್ಟೇ. ಜಾಲ್ಸೂರಿನ ಹತ್ತಿರ ಅಮ್ಮಚ್ಚಿಯ ಬೆರಳು ಬಾಗಿಲಿನ ಹಿಡಿಯ ಮೇಲಿತ್ತು. ಒಡಕು ಸ್ವರದಲ್ಲೇ ಮತ್ತೆ ಶುರುಮಾಡಿದೆ. ಬೆರಳು ಮೆಲ್ಲನೆ ಮಡಿಲಿಗೆ ಬಂತು. ನಾಳೆ ಇದರ ಎರಡರಷ್ಟು ದೂರ ಉಂಟು.

ಕುಶಾಲಪ್ಪಣ್ಣನ ಅಂಗಡಿ ಪೇಟೆಯ ಒಂದು ಇಳಿಜಾರಿನಲ್ಲಿತ್ತು. ಬಾಗಿಲಲ್ಲಿ ಹಳೆಯ ಸ್ಪೀಕರುಗಳ ರಾಶಿ, ಅದರ ಮೇಲೆ ಬೆಕ್ಕು ಮಲಗಿತ್ತು. ವಿಷಯ ಹೇಳಿದೆ. ಯಾಕೆ ಬೇಕೆಂದು ಮಾತ್ರ ವಿವರಿಸಲಿಲ್ಲ, ಪ್ರಾರ್ಥನೆ ಕೇಳಲಿಕ್ಕೆ ಎಂದೆ.

"ಪುತ್ತೂರಿನವರಿಗೆ ಆಗ್ಲಿಲ್ವಾ? ಆಗುದಿಲ್ಲ ಅಕ್ಕ, ಅವರು ಡಬ್ಬಿ ಮಾರುವವರು" ಎಂದು ಅವರು ಸಂತೋಷದಿಂದ ತೋಳು ಮಡಚಿದರು. "ರೇಡಿಯೊದಿಂದ ಆಂಪ್ಲಿಫಯರಿಗೆ ಹೋಗುವ ದಾರಿ ಉಂಟಲ್ಲ, ಅದನ್ನು ನಡುವಿನಲ್ಲಿ ಕಡಿದು ಒಂದು ಸ್ವಿಚ್ಚು ಕೂರಿಸುದು. ಮೇಲೆ ಮಾಡಿದ್ರೆ ರೇಡಿಯೊ, ಕೆಳಗೆ ಮಾಡಿದ್ರೆ ನಿಮ್ಮ ಮೊಬೈಲು. ಊಟ ಮಾಡಿ ಬನ್ನಿ, ಆಗಿರ್ತದೆ."

ಪ್ರಾರ್ಥನೆ ಹಾಕಿ ನೋಡಿ ಎಂದು ಮೊಬೈಲನ್ನು ಅವರಿಗೇ ಕೊಟ್ಟು ಪಕ್ಕದ ಹೋಟೆಲಿಗೆ ಹೋದೆವು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಸಾಂಬಾರು, ಬಂಗುಡೆ ಫ್ರೈ. ಅಮ್ಮಚ್ಚಿಗೆ ಮುಳ್ಳು ಬಿಡಿಸಿ ಕೊಟ್ಟು, ಕೈ ತೊಳೆಸಿ, ನಿಧಾನವಾಗಿ ನಡೆಸಿಕೊಂಡು ಬಂದೆ. ಡ್ಯಾಶ್‌ಬೋರ್ಡು ಪೂರ್ತಿ ಬಿಚ್ಚಿ ಬಿದ್ದಿತ್ತು. ರೇಡಿಯೊ ವಯರುಗಳ ಮೇಲೆ ನೇತಾಡುತ್ತಿತ್ತು. ಕುಶಾಲಪ್ಪಣ್ಣನ ಅಂಗಿ ಬೆವರಿನಲ್ಲಿ ಒದ್ದೆ.

"ಆಗಿತ್ತು ಅಕ್ಕ, ಮುಚ್ಚಿ ಕೂಡ ಆಗಿತ್ತು. ಆದ್ರೆ ಎಲ್ಲಿಯೋ ಒಂದು ಲೂಸ್ ಉಂಟು. ಸ್ವಲ್ಪ ಮಾತಾಡ್ತದೆ, ನಿಲ್ತದೆ. ಪುನಃ ಮಾತಾಡ್ತದೆ, ಪುನಃ ನಿಲ್ತದೆ. ವಯರು ಬದಲಿಸಿದೆ, ಸ್ವಿಚ್ಚು ಬದಲಿಸಿದೆ. ಬೆಸುಗೆ ಮೂರು ಸಲ ಹಾಕಿ ಆಯ್ತು. ನನಗೆ ಇಂಥದ್ದು ಬಂದದ್ದೇ ಇಲ್ಲ."

ನನಗೂ ಬುದ್ಧಿ ಓಡಲಿಲ್ಲ. ಮನೆಯಲ್ಲಿ ಹಾಕಿದಾಗ ಒಮ್ಮೆಯೂ ನಿಂತದ್ದು ನೆನಪಿರಲಿಲ್ಲ. ಮೊಬೈಲೇ ಕೆಟ್ಟಿತೋ, ರೇಡಿಯೊವೂ ಹೋಯಿತೋ, ನಾಳೆ ಯಾರ ಕಾರು ಕೇಳುವುದು ಎಂದು ಲೆಕ್ಕ ಹಾಕುತ್ತಾ ಅಮ್ಮಚ್ಚಿಯನ್ನು ಸ್ಟೂಲಿನಲ್ಲಿ ಕೂರಿಸಿದೆ.

"ನೋಡಿ, ತೋರಿಸ್ತೇನೆ" ಎಂದು ಕುಶಾಲಪ್ಪಣ್ಣ ಸ್ವಿಚ್ಚು ಕೆಳಗೆ ಮಾಡಿದರು.

ಬಾಗಿಲಿನ ಸ್ಪೀಕರಿನಲ್ಲಿ ನನ್ನ ಸ್ವರ ಬಂತು, ತುಂಬಿಕೊಂಡು, ಸ್ಪಷ್ಟವಾಗಿ. ಅರ್ಧ ಹೇಳಿತು. ನಿಂತಿತು.

"ಹೋಯ್ತಾ?" ಎಂದು ಅವರು ಬೆರಳು ಎತ್ತಿ ನನ್ನ ಮುಖ ನೋಡಿದರು.

ಸ್ಟೂಲಿನಿಂದ ಅಮ್ಮಚ್ಚಿ "ಪರಿಶುದ್ಧ ಮರಿಯಮೇ" ಎಂದು ಎತ್ತಿಕೊಂಡರು. ಕಣ್ಣು ಮುಚ್ಚಿ, ಅವಸರವಿಲ್ಲದೆ, ಆಮೇನ್ ತನಕ ಹೇಳಿದರು. ಆಮೇನ್ ಮುಗಿಯಿತು, ಸ್ಪೀಕರು ಮುಂದಿನದನ್ನು ಶುರುಮಾಡಿತು.

ಕುಶಾಲಪ್ಪಣ್ಣನ ಬೆರಳು ಮೇಲೆಯೇ ಇತ್ತು. ಇನ್ನೊಂದು ಸಲ ಸ್ವರ ನಿಂತಿತು, ಇನ್ನೊಂದು ಸಲ ಅಮ್ಮಚ್ಚಿ ತುಂಬಿಸಿದರು.

ನನಗೆ ಆಗ ಹೊಳೆಯಿತು. ಕಾನ್ವೆಂಟಿನಲ್ಲಿ ನಮಗೆ ಪ್ರಾರ್ಥನೆ ಕಲಿಸಿದ ಸಿಸ್ಟರ್, ಇನ್ನೊಬ್ಬರ ಪಾಲಿನ ಪ್ರಾರ್ಥನೆಗೆ ಬಾಯಿ ಹಾಕಲು ಬಿಡುತ್ತಿರಲಿಲ್ಲ. ಅವರು ಮುಗಿಸುವ ತನಕ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಮೊಬೈಲಿಗೆ ಹೇಳುವಾಗಲೂ ನಾನು ಹಾಗೆಯೇ ಮಾಡಿದ್ದೆ. ಮನೆಯಲ್ಲಿ ಅಮ್ಮಚ್ಚಿ ಪಕ್ಕದಲ್ಲೇ ಇದ್ದು ತಮ್ಮ ಅರ್ಧ ಹೇಳುವುದರಿಂದ ಆ ಖಾಲಿ ಜಾಗ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

"ಅದು ಲೂಸ್ ಅಲ್ಲ ಅಣ್ಣ. ಅದು ಅಮ್ಮಚ್ಚಿಯ ಪಾಳಿ" ಎಂದೆ.

ಅವರು ಬೆರಳು ಇಳಿಸಿ, ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. "ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ. ನಮ್ಮ ಭಜನೆಯಲ್ಲಿಯೂ ಒಬ್ಬ ಹೇಳುದು, ಉಳಿದವರು ಹೇಳುದು ಉಂಟು. ಆದ್ರೆ ರೆಕಾರ್ಡ್ ಮಾಡುವಾಗ ಎಲ್ಲರನ್ನೂ ಸೇರಿಸ್ತೇವೆ. ನಾನು ಒಳ್ಳೆ ಬೆಸುಗೆಗೆ ಬೈದು ಬೈದು ಮೂರು ಸಲ ಕಿತ್ತೆ." ಬೆಕ್ಕನ್ನೂ ಒಮ್ಮೆ ಬೈದರು. ಆಮೇಲೆ ಅಮ್ಮಚ್ಚಿಯ ಕಡೆ ತಿರುಗಿ, "ಇವರನ್ನು ಇಲ್ಲಿಯೇ ಬಿಟ್ಟು ಹೋಗ್ಬೇಕಿತ್ತು ನೀವು. ಟೆಸ್ಟಿಂಗಿಗೆ ಆಗ್ತಿತ್ತು" ಎಂದರು. ಅಮ್ಮಚ್ಚಿ ಆ ಮಾತಿಗೂ ಆಮೇನ್ ಎಂದರು.

ಎಲ್ಲ ಮುಚ್ಚಿ ಮುಗಿಸುವಾಗ ಬಿಸಿಲು ವಾಲಿತ್ತು. ನಾನೂರು ರೂಪಾಯಿ ತೆಗೆದುಕೊಂಡರು. ಗೇರಿನ ಪಕ್ಕ ಒಂದು ಪುಟ್ಟ ಸ್ವಿಚ್ಚು, ಅದರ ಕೆಳಗೆ ಗಿಡ್ಡ ವಯರು. ಇಂಜಿನ್ ಶುರುಮಾಡಿದರೆ ಸ್ಪೀಕರಿನಲ್ಲಿ ಸೊಳ್ಳೆಯ ಹಾಗೆ ಸಣ್ಣ ಗುಂಯ್ ಉಂಟು. ಅದನ್ನು ತೆಗೆಸಬೇಕಾದರೆ ಇನ್ನೊಮ್ಮೆ ಬನ್ನಿ ಎಂದರು. ಅಮ್ಮಚ್ಚಿಗೆ ಅದು ಕೇಳಿಸುವುದೇ ಇಲ್ಲ, ನನಗೆ ಅದೇನೂ ತೊಂದರೆಯಲ್ಲ.

ಮರಳುವಾಗ ಪುತ್ತೂರಿಗೆ ಹೋಗದೆ ಬೆಳ್ಳಾರೆ, ನಿಂತಿಕಲ್ಲು, ಪಂಜದ ಮೇಲೆ ಕಡಬಕ್ಕೆ ಬಂದೆವು. ರಸ್ತೆ ಸಪುರ, ತಿರುವು ಜಾಸ್ತಿ. ಆದರೆ ಅಷ್ಟು ದೂರ ನಾನು ಒಂದು ಮಾತೂ ಆಡಲಿಲ್ಲ. ಸ್ಪೀಕರು ಹೇಳಿತು, ಅಮ್ಮಚ್ಚಿ ಮುಗಿಸಿದರು. ಪಂಜದ ಹತ್ತಿರ ಎದುರಿನಿಂದ ಜೀಪೊಂದು ನಮ್ಮ ಮೇಲೆಯೇ ಬಂದ ಹಾಗಾಗಿ ಗಕ್ಕನೆ ಬ್ರೇಕ್ ಒತ್ತಿದೆ. ನನ್ನ ಕೈ ಅವರ ತೋಳಿಗೆ ಓಡಿತು. ಅವರ ಎರಡೂ ಕೈ ಮಡಿಲಲ್ಲಿದ್ದವು. "ಏನು ಮೋಳೆ?" ಎಂದು ಮಗಳನ್ನು ಕೇಳಿದ ಹಾಗೆ ಕೇಳಿ, ತಪ್ಪಿದ ಅರ್ಧವನ್ನು ಹಿಡಿದು ಮುಗಿಸಿದರು. ಆಮೇಲೆ ನಾನು ಅವರ ಕೈಯ ಕಡೆ ನೋಡುವುದು ಬಿಟ್ಟು, ರಸ್ತೆಯನ್ನೂ ಅದರ ಆಚೀಚೆಯನ್ನೂ ನೋಡಿದೆ. ಅಂಗಳಗಳಲ್ಲಿ ಸಾಲಾಗಿ ನೇತು ಹಾಕಿದ ರಬ್ಬರ್ ಶೀಟುಗಳು, ಕಡಬದ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಕಡಲೆ ತಿನ್ನುವ ಹುಡುಗಿಯರು, ಇದೆಲ್ಲ ಎಷ್ಟೋ ತಿಂಗಳಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮ ಮನೆಯ ಏರು ಹತ್ತುವಾಗ ಪಕ್ಕದ ಮನೆಯ ಯಮುನಕ್ಕ ದನಕ್ಕೆ ಹುಲ್ಲಿನ ಕಟ್ಟು ಹೊತ್ತು ಬರುತ್ತಿದ್ದರು. ದಾರಿ ಬಿಟ್ಟು ನಿಂತು, ಕಿಟಿಕಿಯೊಳಗೆ ಇಣುಕಿದರು. ಸ್ಪೀಕರು ಹೇಳುತ್ತಿತ್ತು. ಅಮ್ಮಚ್ಚಿ ತಮ್ಮ ಪಾಳಿಗೆ ಕಾಯುತ್ತಿದ್ದರು.

"ಎಂತ ಲಿಸ್ಸಿ, ನಿನ್ನ ಸ್ವರ ಕೆಳಗಿನ ತಿರುವಿಗೇ ಕೇಳ್ತಿತ್ತು. ಇಲ್ಲಿ ನೋಡಿದ್ರೆ ಬಾಯಿ ಮುಚ್ಚಿ ಕೂತಿದ್ದಿ" ಎಂದರು ಯಮುನಕ್ಕ. ಹುಲ್ಲಿನ ಕಟ್ಟನ್ನು ತಲೆಯ ಮೇಲೆ ಸರಿಮಾಡಿಕೊಂಡು, ನಡೆಯುತ್ತಲೇ ಹೇಳಿದರು: "ಇರ್ಲಿ, ಇಬ್ಬರು ಲಿಸ್ಸಿಯರಲ್ಲಿ ಒಬ್ಬಳಾದ್ರೂ ರೆಸ್ಟ್ ತಕ್ಕೊಳ್ಳಲಿ."