ದಿವಾನರ ಆಡಿಗೆ ಬರೆ ಹಾಕಿದ್ದು

ಹೈದರಾಬಾದ್ ರಾಜ್ಯದ ದಿವಾನರೊಬ್ಬರು ಆಡು ಸಾಕಿದ್ದರು. ದೊರೆಯನ್ನು ಬಿಟ್ಟರೆ ರಾಜ್ಯಕ್ಕೆಲ್ಲ ಅವರೇ ದೊಡ್ಡವರು. ಎಲ್ಲಿಗೆ ಹೊರಟರೂ ಆ ಬಿಳಿ ಆಡೂ ಮೋಟಾರಿನಲ್ಲಿ ಹೊರಡುತ್ತಿತ್ತು, ಚಹಾಕ್ಕೆ ಅದರ ಹಾಲೇ ಆಗಬೇಕಂತೆ. ನಗಬೇಡಿ, ಆ ಆಡನ್ನು ನಾನು ಕಣ್ಣಾರೆ ಕಂಡವಳು.

ನಾನಾಗ ಹುಮನಾಬಾದಿನ ಹತ್ತಿರ ಕುರಿ ಕಾಯುವ ಮನೆಯ ಸೊಸೆ, ಮಡಿಲಲ್ಲಿ ಮೂರು ತಿಂಗಳ ಮಗಳು. ನನ್ನ ಎದೆಯಲ್ಲಿ ಹಾಲಿರಲಿಲ್ಲ. ಹಿಂಡಿನಲ್ಲಿ ಆಗ ಹಾಲು ಕೊಡುತ್ತಿದ್ದದ್ದು ಒಂದು ಬಿಳಿ ಆಡು ಮಾತ್ರ. ಕೂಸು ಬದುಕಿದ್ದು ಅದರಿಂದ.

ದಿವಾನರು ಕಲ್ಯಾಣದ ಕೋಟೆ ನೋಡಲು ಹೋದಾಗ ಆಡನ್ನು ಹುಮನಾಬಾದಿನ ಬಂಗಲೆಯಲ್ಲಿ ಬಿಟ್ಟಿದ್ದರು. ಅದು ಪಕ್ಕದ ಹೊಲದ ಎಳೆಜೋಳ ಮೇಯ್ದು ಹೊಟ್ಟೆ ಉಬ್ಬಿಸಿಕೊಂಡಿತು. ಅವರ ಅಡುಗೆಯ ಖಾನಸಾಮ ಅದನ್ನು ಹೊತ್ತುಕೊಂಡು ನಮ್ಮ ಮನೆಗೆ ಓಡಿ ಬಂದ.

"ಹ್ಯಾಂಗಾರ ಮಾಡಿ ಉಳಸೋ ಮುದುಕಾ! ಸಾಹೇಬ್ರು ಸಂಜೀಕ ವಾಪಸ್ ಬರ್ತಾರ."

ನಮ್ಮವರಿಗೆ ಗೊತ್ತಿದ್ದ ಮದ್ದು ಒಂದೇ. ಮಾವ ಕುಡುಗೋಲು ಕೆಂಪಗೆ ಕಾಯಿಸಿ ಆಡಿನ ಪಕ್ಕೆಗೆ ಎರಡು ಬರೆ ಎಳೆದರು. ನಮ್ಮ ಹಿಂಡಿನಲ್ಲಿ ಬರೆ ಬಿದ್ದ ಪ್ರಾಣಿಗಳೇ ಹೆಚ್ಚು; ಅದೊಂದು ಊನ ಎಂದು ನಮಗೆ ಹೊಳೆಯಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಆಡು ಎದ್ದು ನಿಂತು ಮೆಲುಕು ಹಾಕತೊಡಗಿತು.

ಖಾನಸಾಮ ಪಕ್ಕೆ ನೋಡಿ ಹಣೆ ಚಚ್ಚಿಕೊಂಡ. "ತೋಬಾ ತೋಬಾ! ಈ ಸುಟ್ಟ ಡಾಗು ಸಾಹೇಬ್ರಿಗೆ ಹ್ಯಾಂಗ ತೋರಸ್ಲಿ?"

"ಉಳಸಂದ್ರಿ, ಉಳಸೀನ್ರಿ," ಅಂದರು ಮಾವ.

ಅವನ ಕಣ್ಣು ನಮ್ಮ ಬಿಳಿ ಆಡಿನ ಮೇಲೆ ಬಿತ್ತು. ಅದರ ಮೈಮೇಲೆ ಬರೆ ಇರಲಿಲ್ಲ. "ಇದನ್ನ ಒಯ್ತೀನಿ. ಅದನ್ನ ನೀವಾ ಇಟ್ಕೋರಿ."

ಮಾವನ ಎದುರು ನಾನು ಎಂದೂ ಬಾಯಿ ತೆರೆದವಳಲ್ಲ. ಅವತ್ತು ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. "ನನ್ನ ಕೂಸಿನ ಬಾಯಾಗ ಮಣ್ಣ ಹಾಕಬ್ಯಾಡ್ರಿ! ದಿವಾನ್ರು ಒಂದಿನ ಚಹಾ ಕುಡೀಲಿಲ್ಲಂದ್ರ ಏನ್ ಮುಳುಗ್ತದ?" ಎಂದು ಚೀರಿದೆ. ಖಾನಸಾಮ ನನ್ನತ್ತ ನೋಡಲೂ ಇಲ್ಲ. ಮಾವ ನೆಲ ನೋಡುತ್ತ ಹಗ್ಗ ಅವನ ಕೈಗೆ ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ಮಾವನನ್ನು ಕಂಡರೆ ಮೈ ಉರಿಯಿತು.

ದಿವಾನರ ಆಡು ಹಾಲು ಕೊಡಲಿಲ್ಲ. ಕೆಚ್ಚಲು ಬಿಗಿದಿತ್ತು, ಆದರೆ ಯಾರು ಮುಟ್ಟಿದರೂ ಒದೆಯುತ್ತಿತ್ತು. "ಹಾಟ್ಯಾನ್ದು, ಬಂಗಲೆ ಸೊಕ್ಕ ಇನ್ನೂ ಇಳದಿಲ್ಲ," ಎಂದು ಅತ್ತೆ ಬೈದರು. ಕೂಸಿಗೆ ಬೆಲ್ಲದ ನೀರಿನಲ್ಲಿ ಅರಿವೆ ಅದ್ದಿ ಚೀಪಿಸಿದೆವು. ಎರಡನೆಯ ದಿನ ಅದರ ಅಳು ಸಣ್ಣಗಾಯಿತು. ಮೂರನೆಯ ದಿನ ಬೆಳಿಗ್ಗೆ ಅಳುವುದನ್ನೇ ನಿಲ್ಲಿಸಿತು.

ಇನ್ನೇನು ಮಾಡಲಿ? ಕೂಸನ್ನು ಎತ್ತಿಕೊಂಡು ಹೋಗಿ ಆಡಿನ ಹೊಟ್ಟೆಯ ಕೆಳಗೆ ಹಿಡಿದೆ, ಕೆಚ್ಚಲಿನ ಮೊಲೆಯನ್ನು ಕೂಸಿನ ಬಾಯಿಗೆ ಇಟ್ಟೆ. ಆಡು ತಿರುಗಿ ಕೂಸಿನ ನೆತ್ತಿ ಮೂಸಿತು. ಒದೆಯಲಿಲ್ಲ. ಹಿಂಗಾಲು ಅಗಲ ಮಾಡಿ ನಿಂತಿತು. ಕೂಸಿನ ಗಂಟಲು ಗುಟುಕು ಗುಟುಕಾಗಿ ಆಡುವುದು ಕಂಡಾಗ, ಮೂರು ದಿನ ಒಂದು ಹನಿ ಕಣ್ಣೀರು ಹಾಕದ ನಾನು ಆ ಆಡಿನ ಕಾಲಬಳಿ ಕೂತು ಗಳಗಳ ಅತ್ತುಬಿಟ್ಟೆ.